ಇಸ್ರೇಲ್–ಪ್ಯಾಲೆಸ್ಟೀನ್ ಶಾಂತಿ ಮಾತುಕತೆ ಪ್ರತಿ ಸಲ ಮುರಿಯುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿಯಲ್ಲಿ ಗಾಜಾ ಸುದ್ದಿ ಬಂದ ದಿನ ಯಾರಾದರೂ ಒಬ್ಬರು ನನ್ನನ್ನು ಹಿಡಿದು ಕೇಳಿಯೇ ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಊಟದ ಪಂಕ್ತಿಯಲ್ಲಿ ಎದುರು ಕೂತವರು, ಪತ್ರ ಬರೆಯುವ ಓದುಗರು. ನಮ್ಮ ಕರಾವಳಿಯಿಂದ ಇಸ್ರೇಲಿಗೆ ವಯಸ್ಸಾದವರ ಆರೈಕೆ ಕೆಲಸಕ್ಕೆ ಹೋದವರ ತಂದೆ-ತಾಯಿ ಕೇಳುವಾಗ ಮಾತ್ರ ದನಿಯಲ್ಲೇ ಭಯ ಇರುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಬುಡದ ಪ್ರಶ್ನೆಗಳು

ಇದು ಸಾವಿರಾರು ವರ್ಷದ ಧರ್ಮದ ಜಗಳ ಅಲ್ವಾ? ಇದಕ್ಕೆ ರಾಜಿ ಎಲ್ಲಿಂದ ಬರಬೇಕು?

ಅಲ್ಲ. ಧರ್ಮ ಇದರಲ್ಲಿ ಸೇರಿಕೊಂಡಿದೆ, ಆದರೆ ಜಗಳದ ಬುಡ ನೆಲ. ಅದರ ವಯಸ್ಸು ನೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಮೊದಲ ಮಹಾಯುದ್ಧದ ತನಕ ಆ ಪ್ರದೇಶ ಒಟ್ಟೋಮನ್ ತುರ್ಕರ ಕೈಯಲ್ಲಿತ್ತು. 1917ರ ನವೆಂಬರ್ 2ರಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಬಾಲ್ಫೋರ್ ಒಂದು ಪತ್ರ ಬರೆದರು. ಪ್ಯಾಲೆಸ್ಟೀನಿನಲ್ಲಿ ಯಹೂದಿಯರಿಗೆ ‘ರಾಷ್ಟ್ರೀಯ ನೆಲೆ’ ಕಟ್ಟಲು ಬೆಂಬಲ ಕೊಡುತ್ತೇವೆ ಅಂದರು. ಆಗ ಅಲ್ಲಿದ್ದ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಂಬತ್ತು ಜನ ಅರಬರು. ಅವರನ್ನು ಯಾರೂ ಕೇಳಲಿಲ್ಲ. ಇತ್ತ ಯುರೋಪಿನಲ್ಲಿ ಹಿಟ್ಲರ್ ಬಂದ ಮೇಲೆ, ಜೀವ ಉಳಿಸಿಕೊಳ್ಳಲು ಓಡಿದ ಯಹೂದಿಯರಿಗೆ ಬಹುತೇಕ ದೇಶಗಳು ಬಾಗಿಲು ಹಾಕಿದ್ದವು. ಹೋಗಲು ಬೇರೆ ಜಾಗ ಇಲ್ಲದವರು ಬಂದರು. ಅವರು ಬಂದ ಜಾಗದಲ್ಲಿ ಬೇರೆಯವರ ಮನೆ, ತೋಟ, ಸಮಾಧಿ ಆಗಲೇ ಇದ್ದವು.

1947ರಲ್ಲೇ ಎರಡು ದೇಶ ಮಾಡಿ ಅಂತ ವಿಶ್ವಸಂಸ್ಥೆ ಹೇಳಿತ್ತಲ್ಲ, ಯಾಕೆ ಆಗಲಿಲ್ಲ?

ಹೇಳಿತ್ತು. 1947ರ ನವೆಂಬರ್ 29ರ 181ನೇ ನಿರ್ಣಯ. ಪರವಾಗಿ 33 ಮತ, ವಿರೋಧ 13, ತಟಸ್ಥ 10. ಆಗ ಜನಸಂಖ್ಯೆಯಲ್ಲಿ ಯಹೂದಿಯರು ಮೂರನೇ ಒಂದು ಭಾಗ. ಅವರಿಗೆ ಸಿಕ್ಕ ನೆಲ ಅರ್ಧಕ್ಕಿಂತ ಜಾಸ್ತಿ, ಅದರಲ್ಲಿ ನೆಗೆವ್ ಮರುಭೂಮಿಯದು ದೊಡ್ಡ ಪಾಲು. ಜೆರುಸಲೇಮ್ ಇಬ್ಬರಿಗೂ ಇಲ್ಲ, ಅಂತರರಾಷ್ಟ್ರೀಯ ಆಡಳಿತಕ್ಕೆ. ಯಹೂದಿ ನಾಯಕರು ಒಪ್ಪಿದರು, ಅರಬ್ ನಾಯಕರು ಒಪ್ಪಲಿಲ್ಲ. ಮರುದಿನದಿಂದಲೇ ಹೊಡೆದಾಟ ಶುರುವಾಯಿತು.

1948ರ ಮೇ 14ರಂದು ಇಸ್ರೇಲ್ ಘೋಷಣೆಯಾಯಿತು. ಮರುದಿನ ಅರಬ್ ದೇಶಗಳ ಸೇನೆಗಳು ನುಗ್ಗಿದವು. ಯುದ್ಧ ಮುಗಿಯುವಾಗ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡಿದ್ದರು. ಕೆಲವರನ್ನು ಓಡಿಸಿದರು, ಕೆಲವರು ಹೆದರಿ ಓಡಿದರು. ಯಾರನ್ನೂ ವಾಪಸ್ ಬಿಟ್ಟುಕೊಳ್ಳಲಿಲ್ಲ ಅನ್ನುವಷ್ಟು ಕಡಿಮೆ ಜನಕ್ಕೆ ಮರಳಲು ಆಯಿತು. ಇಸ್ರೇಲಿಗರು ಆ ವರ್ಷವನ್ನು ಸ್ವಾತಂತ್ರ್ಯ ಅನ್ನುತ್ತಾರೆ. ಪ್ಯಾಲೆಸ್ಟೀನಿಯರು ‘ನಕ್ಬಾ’ ಅನ್ನುತ್ತಾರೆ, ಅಂದರೆ ಮಹಾವಿಪತ್ತು. ರಾಜಿ ಮಾಡಿಸಲು ಹೋದ ವಿಶ್ವಸಂಸ್ಥೆಯ ಮಧ್ಯಸ್ಥ ಬರ್ನಡೋಟ್ ಅವರನ್ನು ಅದೇ ಸೆಪ್ಟೆಂಬರಿನಲ್ಲಿ ಜೆರುಸಲೇಮಿನಲ್ಲಿ ಯಹೂದಿ ಉಗ್ರರ ಗುಂಪೊಂದು ಗುಂಡಿಟ್ಟು ಕೊಂದಿತು.

‘ಹಸಿರು ಗೆರೆ’ ಅಂತ ಸುದ್ದಿಯಲ್ಲಿ ಬರುತ್ತದಲ್ಲ, ಅದು ಗಡಿಯಾ?

ಗಡಿ ಅಲ್ಲ, 1949ರ ಕದನ ವಿರಾಮದ ಗೆರೆ. ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಎಳೆದಿದ್ದರಿಂದ ಆ ಹೆಸರು. ಜೆರುಸಲೇಮಿನ ಗೆರೆಯ ಕಥೆ ನನಗೆ ಮರೆಯಲಾಗದ್ದು. 1948ರ ಕೊನೆಯಲ್ಲಿ ಇಸ್ರೇಲಿನ ಮೋಶೆ ದಯಾನ್ ಮತ್ತು ಜೋರ್ಡಾನಿನ ಅಬ್ದುಲ್ಲಾ ಅಲ್-ತಲ್ ಎಂಬ ಇಬ್ಬರು ಸೇನಾಧಿಕಾರಿಗಳು ಒಂದು ಪಾಳು ಮನೆಯಲ್ಲಿ ಕೂತು, 1:20,000 ಅಳತೆಯ ನಕ್ಷೆಯ ಮೇಲೆ ಮೇಣದ ಪೆನ್ಸಿಲಿನಲ್ಲಿ ಗೆರೆ ಎಳೆದರು. ಪೆನ್ಸಿಲಿನ ಮೊನೆ ದಪ್ಪ. ಗೆರೆ ಮೂರು-ನಾಲ್ಕು ಮಿಲಿಮೀಟರ್ ಅಗಲ ಆಯಿತು. ನೆಲದ ಮೇಲೆ ಅದು 60ರಿಂದ 80 ಮೀಟರ್. ಮನೆಗಳು, ಬೀದಿಗಳು ಆ ಗೆರೆಯ ಒಳಗೇ ಸಿಕ್ಕಿಕೊಂಡವು. ಅವು ಯಾರವು ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಹದ್ದುಬಸ್ತಿಗೆ ಸರ್ವೆಯವರು ಬಂದ ದಿನ ಒಂದು ಅಡಿ ಬದುವಿಗೆ ಅಣ್ಣತಮ್ಮಂದಿರು ಮಾತು ಬಿಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮೈಸೂರಿನ ಸೈನಿಕರು ಅಲ್ಲಿ ಹೋರಾಡಿದ್ದರಂತೆ, ನಿಜವಾ?

ನಿಜ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ತುರ್ಕರಿಂದ ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬ್ರಿಟಿಷರ ಪರವಾಗಿ ನಡೆದ ಯುದ್ಧ ಅದು. ಹಾಗೆ ಗೆದ್ದ ನೆಲವೇ ಮುಂದೆ ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೀನ್ ಆಯಿತು.

ಭಾರತ ಯಾರ ಕಡೆ?

ಕಾಲಕಾಲಕ್ಕೆ ಬದಲಾಗಿದೆ. 1947ರಲ್ಲಿ ವಿಭಜನೆಗೆ ವಿರುದ್ಧ ಮತ ಹಾಕಿದ 13 ದೇಶಗಳಲ್ಲಿ ಭಾರತವೂ ಒಂದು. ಇರಾನ್, ಯುಗೊಸ್ಲಾವಿಯಾ ಜೊತೆ ಸೇರಿ ಒಂದೇ ಒಕ್ಕೂಟ ದೇಶದ ಸಲಹೆ ಕೊಟ್ಟಿತ್ತು. ಆಗಷ್ಟೇ ನಮ್ಮದೇ ವಿಭಜನೆಯ ರಕ್ತ ನೋಡಿದ್ದೆವು. 1950ರಲ್ಲಿ ಇಸ್ರೇಲನ್ನು ಮಾನ್ಯ ಮಾಡಿತು, ಆದರೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆದಿದ್ದು 1992ರಲ್ಲಿ. ನಡುವೆ 1988ರಲ್ಲಿ ಪ್ಯಾಲೆಸ್ಟೀನ್ ದೇಶವನ್ನೂ ಮಾನ್ಯ ಮಾಡಿತು. ಈಗ ಇಸ್ರೇಲಿನಿಂದ ಶಸ್ತ್ರಾಸ್ತ್ರ ಕೊಳ್ಳುತ್ತೇವೆ, ಎರಡು ದೇಶಗಳ ಪರಿಹಾರಕ್ಕೂ ಮತ ಹಾಕುತ್ತೇವೆ. 2025ರ ಸೆಪ್ಟೆಂಬರಿನಲ್ಲೂ ಹಾಕಿದ್ದೇವೆ.

## ಓಸ್ಲೋಗೆ ಮುಂಚೆ

1967ರ ನಿರ್ಣಯದಲ್ಲಿ ಒಂದೇ ಒಂದು ಪದದ ಮೇಲೆ ಜಗಳವಂತೆ, ಯಾವುದು ಅದು?

ಆರು ದಿನದ ಯುದ್ಧದಲ್ಲಿ ಇಸ್ರೇಲ್ ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾ, ಈಜಿಪ್ಟಿನ ಸಿನಾಯ್, ಸಿರಿಯಾದ ಗೋಲನ್ ಬೆಟ್ಟಗಳನ್ನು ಹಿಡಿಯಿತು. ನವೆಂಬರ್ 22ರಂದು ಭದ್ರತಾ ಮಂಡಳಿ 242ನೇ ನಿರ್ಣಯ ಮಾಡಿತು. ಯುದ್ಧದಲ್ಲಿ ಹಿಡಿದ ಪ್ರದೇಶಗಳಿಂದ ಇಸ್ರೇಲ್ ಹಿಂದೆ ಸರಿಯಬೇಕು, ಪ್ರತಿಯಾಗಿ ಎಲ್ಲರೂ ಶಾಂತಿಯಿಂದ ಬದುಕುವ ಹಕ್ಕನ್ನು ಒಪ್ಪಬೇಕು. ಇಂಗ್ಲಿಷ್ ಪ್ರತಿಯಲ್ಲಿ ‘ಪ್ರದೇಶಗಳು’ ಪದದ ಹಿಂದೆ ‘ದಿ’ ಇಲ್ಲ. ಹಾಗಾಗಿ ‘ಎಲ್ಲ ಪ್ರದೇಶ ಅಂತ ಹೇಳಿಲ್ಲ’ ಅಂತ ಇಸ್ರೇಲ್ ವಾದಿಸಿತು. ಫ್ರೆಂಚ್ ಪ್ರತಿ ಓದಿದರೆ ‘ಆ ಎಲ್ಲ ಪ್ರದೇಶ’ ಅನ್ನುವ ಅರ್ಥವೇ ಬರುತ್ತದೆ ಅಂತ ಅರಬರು ವಾದಿಸಿದರು. ಕನ್ನಡದಲ್ಲಿ ಅಂಥ ಪದವೇ ಇಲ್ಲ. ನಮ್ಮ ‘ಪ್ರದೇಶಗಳಿಂದ’ ಎರಡೂ ಕಡೆಗೆ ಆಗುತ್ತದೆ.

ಇದು ಕೈತಪ್ಪಿ ಆದದ್ದಲ್ಲ. ಸ್ಪಷ್ಟವಾಗಿ ಬರೆದಿದ್ದರೆ ನಿರ್ಣಯವೇ ಆಗುತ್ತಿರಲಿಲ್ಲ. ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ಇನ್ನೊಂದು. 242ರಲ್ಲಿ ‘ಪ್ಯಾಲೆಸ್ಟೀನಿಯರು’ ಎಂಬ ಹೆಸರೇ ಇಲ್ಲ. ‘ನಿರಾಶ್ರಿತರ ಸಮಸ್ಯೆ’ ಅಂತ ಮಾತ್ರ ಇದೆ.

ಈಜಿಪ್ಟ್ ಜೊತೆ ಆದ ಶಾಂತಿ ಇವತ್ತಿಗೂ ನಿಂತಿದೆ. ಪ್ಯಾಲೆಸ್ಟೀನಿಯರ ಜೊತೆ ಮಾತ್ರ ಯಾಕೆ ಆಗಲಿಲ್ಲ?

1978ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಹದಿಮೂರು ದಿನ ಮಾತುಕತೆ ನಡೆಯಿತು. ಕೊನೆಯ ದಿನ ಇಸ್ರೇಲಿನ ಪ್ರಧಾನಿ ಬೆಗಿನ್ ಸಿಟ್ಟಾಗಿ ಹೊರಟು ನಿಂತಿದ್ದರು. ಅಮೆರಿಕದ ಅಧ್ಯಕ್ಷ ಕಾರ್ಟರ್, ಬೆಗಿನ್ ಅವರ ಕುಟೀರಕ್ಕೆ ಕೆಲವು ಫೋಟೋ ಹಿಡಿದುಕೊಂಡು ಹೋದರು. ಒಂದೊಂದರ ಮೇಲೂ ಬೆಗಿನ್ ಅವರ ಒಬ್ಬೊಬ್ಬ ಮೊಮ್ಮಗುವಿನ ಹೆಸರು ಬರೆದು ಸಹಿ ಹಾಕಿದ್ದರು. ಬೆಗಿನ್ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ಗಂಟಲು ಕಟ್ಟಿತು. ಅವತ್ತು ಒಪ್ಪಂದ ಆಯಿತು.

ಆದರೆ ಫೋಟೋದಿಂದ ಶಾಂತಿ ನಿಲ್ಲಲಿಲ್ಲ. ಸಿನಾಯ್ ಪೂರ್ತಿ ವಾಪಸ್ ಅಂತ ಬರೆದಿತ್ತು, ತಾರೀಕು ಬರೆದಿತ್ತು, 1982ರ ಏಪ್ರಿಲ್ ಹೊತ್ತಿಗೆ ಅಲ್ಲಿನ ಯಹೂದಿ ವಸಾಹತುಗಳನ್ನು, ಅಂದರೆ ಯುದ್ಧದಲ್ಲಿ ಹಿಡಿದ ನೆಲದ ಮೇಲೆ ಇಸ್ರೇಲಿಗರು ಕಟ್ಟಿಕೊಂಡ ಊರುಗಳನ್ನು, ಕಿತ್ತು ಕೊಟ್ಟರು. ಪ್ಯಾಲೆಸ್ಟೀನಿಯರ ಭಾಗದಲ್ಲಿ ‘ಸ್ವಾಡಳಿತದ ಬಗ್ಗೆ ಮಾತಾಡೋಣ’ ಅಂತ ಮಾತ್ರ ಇತ್ತು. ಅವರ ಪರವಾಗಿ ಮೇಜಿನಲ್ಲಿ ಅವರವರು ಯಾರೂ ಇರಲಿಲ್ಲ. ಮಾತುಕತೆ ನಡೆಯುವಷ್ಟು ಕಾಲ ಹೊಸ ವಸಾಹತು ಕಟ್ಟುವುದಿಲ್ಲ ಅಂತ ಬೆಗಿನ್ ಒಪ್ಪಿದ್ದರು ಅಂತ ಕಾರ್ಟರ್ ಕೊನೆ ತನಕ ಹೇಳುತ್ತಿದ್ದರು. ಬೆಗಿನ್ ‘ನಾನು ಒಪ್ಪಿದ್ದು ಮೂರು ತಿಂಗಳಿಗೆ’ ಅಂದರು.

## ಓಸ್ಲೋ ಮತ್ತು ಅದರ ನಂತರ

ಓಸ್ಲೋ ಒಪ್ಪಂದದಲ್ಲಿ ಪ್ಯಾಲೆಸ್ಟೀನ್ ದೇಶ ಕೊಡ್ತೀವಿ ಅಂತ ಬರೆದಿತ್ತಲ್ಲ?

ಇಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ. ‘ಪ್ಯಾಲೆಸ್ಟೀನ್ ದೇಶ’ ಎಂಬ ಮಾತೇ 1993ರ ಘೋಷಣೆಯಲ್ಲಿಲ್ಲ.

1993ರ ಜನವರಿಯಲ್ಲಿ ನಾರ್ವೆಯ ಸಾರ್ಪ್ಸ್‌ಬೋರ್ಗ್ ಊರಿನ ಒಂದು ಬಂಗಲೆಯಲ್ಲಿ ಗುಟ್ಟಾಗಿ ಶುರುವಾಯಿತು. ಇಸ್ರೇಲಿನಿಂದ ಇಬ್ಬರು ಮೇಷ್ಟರು, ಹಿರ್ಷ್‌ಫೆಲ್ಡ್ ಮತ್ತು ಪುಂಡಕ್. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ, ಅಂದರೆ ಪಿಎಲ್‌ಒದಿಂದ ಅಹ್ಮದ್ ಖುರೇ. ಆಗ ಇಸ್ರೇಲಿ ಅಧಿಕಾರಿಗಳು ಪಿಎಲ್‌ಒ ಜೊತೆ ಮಾತಾಡುವಂತಿರಲಿಲ್ಲ, ಅದಕ್ಕೆ ಮೇಷ್ಟರು. ಒಟ್ಟಿಗೆ ಊಟ, ಹಿಮದಲ್ಲಿ ಒಟ್ಟಿಗೆ ನಡಿಗೆ. ಕ್ಯಾಮೆರಾ ಇಲ್ಲದ್ದರಿಂದ ಜನ ಬಾಯಿಬಿಟ್ಟು ಮಾತಾಡಿದರು. ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪಿಎಲ್‌ಒ ನಾಯಕ ಅರಾಫತ್ ಕೈ ಕುಲುಕಿದರು.

ಅದಕ್ಕೆ ನಾಲ್ಕು ದಿನ ಮುಂಚೆ ಬದಲಾದ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿ. ಅರಾಫತ್ ಅವರ ಪತ್ರ ಇಸ್ರೇಲ್ ದೇಶಕ್ಕೆ ಶಾಂತಿಯಿಂದ ಇರುವ ಹಕ್ಕನ್ನು ಒಪ್ಪುತ್ತದೆ. ರಾಬಿನ್ ಅವರ ಪತ್ರ ಪಿಎಲ್‌ಒ ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಅಂತ ಒಪ್ಪುತ್ತದೆ, ಅಷ್ಟೆ. ತಕ್ಕಡಿ ಸಮ ಇರಲಿಲ್ಲ. ಐದು ವರ್ಷ ತಾತ್ಕಾಲಿಕ ವ್ಯವಸ್ಥೆ ಇರಲಿ, ಜೆರುಸಲೇಮ್, ನಿರಾಶ್ರಿತರು, ವಸಾಹತು, ಗಡಿ, ಭದ್ರತೆ ಇವೆಲ್ಲ ಆಮೇಲೆ ಅಂದರು. ಸುಲಭದ್ದು ಮಾಡುತ್ತಾ ಹೋದರೆ ನಂಬಿಕೆ ಬೆಳೆಯುತ್ತದೆ ಅನ್ನುವ ಲೆಕ್ಕ. ಲೆಕ್ಕ ತಪ್ಪಿದ್ದು ಇಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಐದು ವರ್ಷ, ಒಪ್ಪಂದ ಕೆಡಿಸಬೇಕು ಅಂತಿದ್ದವರಿಗೆ ಸಿಕ್ಕ ಸಮಯ ಆಯಿತು.

ಎ, ಬಿ, ಸಿ ವಲಯ ಅಂದ್ರೆ ಏನು?

1995ರ ಎರಡನೇ ಓಸ್ಲೋ ಒಪ್ಪಂದ ಪಶ್ಚಿಮ ದಂಡೆಯನ್ನು ಮೂರು ಮಾಡಿತು. ‘ಎ’ಯಲ್ಲಿ ಆಡಳಿತ, ಪೊಲೀಸ್ ಎರಡೂ ಪ್ಯಾಲೆಸ್ಟೀನ್ ಪ್ರಾಧಿಕಾರದ್ದು, ಅಂದರೆ ಓಸ್ಲೋದಿಂದ ಹುಟ್ಟಿದ ಪ್ಯಾಲೆಸ್ಟೀನಿಯರ ಸ್ವಾಡಳಿತದ್ದು. ‘ಬಿ’ಯಲ್ಲಿ ಆಡಳಿತ ಅವರದ್ದು, ಭದ್ರತೆ ಮುಖ್ಯವಾಗಿ ಇಸ್ರೇಲಿನದ್ದು. ‘ಸಿ’ ಪೂರ್ತಿ ಇಸ್ರೇಲಿನ ಹಿಡಿತದಲ್ಲಿ. ಈಗ ‘ಸಿ’ ಸುಮಾರು ಶೇ 60. ಒಬ್ಬ ರೈತನ ಮನೆ ‘ಬಿ’ಯಲ್ಲಿ, ಆಲಿವ್ ತೋಟ ‘ಸಿ’ಯಲ್ಲಿ ಇರುವುದು ಅಲ್ಲಿ ಸಾಮಾನ್ಯ. ತೋಟದಲ್ಲಿ ಒಂದು ಶೆಡ್ ಹಾಕಲು, ನೀರಿನ ತೊಟ್ಟಿ ಕಟ್ಟಲು ಇಸ್ರೇಲಿ ಸೇನಾ ಆಡಳಿತದ ಪರವಾನಗಿ ಬೇಕು. ಅದು ಸಿಗುವುದು ತೀರಾ ಅಪರೂಪ. ಪರವಾನಗಿ ಇಲ್ಲದೆ ಕಟ್ಟಿದರೆ ಬುಲ್ಡೋಜರ್ ಬರುತ್ತದೆ. ಐದು ವರ್ಷದ ತಾತ್ಕಾಲಿಕ ವ್ಯವಸ್ಥೆ ಅಂತ ಮಾಡಿದ್ದು ಮೂವತ್ತು ವರ್ಷ ದಾಟಿದೆ.

ಓಸ್ಲೋ ಕೆಟ್ಟಿದ್ದು ಯಾರಿಂದ?

ಒಬ್ಬರ ಹೆಸರು ಹೇಳಿದರೆ ಸುಳ್ಳಾಗುತ್ತದೆ. 1994ರ ಫೆಬ್ರುವರಿಯಲ್ಲಿ ಹೆಬ್ರಾನಿನಲ್ಲಿ, ರಂಜಾನ್ ತಿಂಗಳ ಪ್ರಾರ್ಥನೆಗೆ ಬಾಗಿದ್ದ 29 ಜನರನ್ನು ಬಾರುಖ್ ಗೋಲ್ಡ್‌ಸ್ಟೀನ್ ಎಂಬ ಯಹೂದಿ ವಸಾಹತುಗಾರ ಕೊಂದ. ಆಮೇಲೆ ಹಮಾಸ್ ಎಂಬ ಪ್ಯಾಲೆಸ್ಟೀನಿಯರ ಇಸ್ಲಾಮಿ ಸಶಸ್ತ್ರ ಸಂಘಟನೆ ಆತ್ಮಾಹುತಿ ದಾಳಿ ಮಾಡಿ ಬಸ್ಸುಗಳಲ್ಲಿ ಕೆಲಸಕ್ಕೆ ಹೊರಟಿದ್ದ ಇಸ್ರೇಲಿಗರನ್ನು ಕೊಂದಿತು. 1995ರ ನವೆಂಬರ್ 4ರಂದು ಟೆಲ್ ಅವೀವ್‌ನ ಶಾಂತಿ ಸಭೆಯಲ್ಲಿ ರಾಬಿನ್ ಎಲ್ಲರ ಜೊತೆ ಹಾಡು ಹೇಳಿ ಕೆಳಗಿಳಿದರು. ಯಿಗಾಲ್ ಅಮಿರ್ ಎಂಬ ಯಹೂದಿ ತೀವ್ರವಾದಿ ಹಿಂದಿನಿಂದ ಗುಂಡು ಹಾರಿಸಿದ. ಹಾಡು ಬರೆದಿದ್ದ ಹಾಳೆ ರಕ್ತದಲ್ಲಿ ನೆನೆದು ಅವರ ಕೋಟಿನ ಜೇಬಿನಲ್ಲಿ ಸಿಕ್ಕಿತು.

ಇದರ ಜೊತೆ ಸದ್ದಿಲ್ಲದೆ ನಡೆದದ್ದೊಂದಿದೆ. 1993ರಲ್ಲಿ ಪಶ್ಚಿಮ ದಂಡೆಯ ವಸಾಹತುಗಳಲ್ಲಿ ಒಂದು ಲಕ್ಷ ಚಿಲ್ಲರೆ ಜನ ಇದ್ದರು. 2000ದ ಹೊತ್ತಿಗೆ ಸುಮಾರು ಎರಡು ಲಕ್ಷ. ಈಗ ಪೂರ್ವ ಜೆರುಸಲೇಮ್ ಬಿಟ್ಟೇ ಐದು ಲಕ್ಷ ದಾಟಿದ್ದಾರೆ. ಯಾವ ಜಮೀನಿನ ಬಗ್ಗೆ ಮಾತುಕತೆ ನಡೆಯುತ್ತಿದೆಯೋ ಅದರ ಮೇಲೇ ಮನೆ ಏಳುತ್ತಿದ್ದರೆ, ಎದುರು ಕೂತವರು ಮಾತನ್ನು ಹೇಗೆ ನಂಬಬೇಕು?

2000ದಲ್ಲಿ ಎಲ್ಲ ಕೊಟ್ಟರೂ ಅರಾಫತ್ ಬೇಡ ಅಂದರಂತೆ?

ಅರ್ಧ ಸತ್ಯ. ಆ ಜುಲೈಯಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಪ್ರಧಾನಿ ಬರಾಕ್ ಅದುವರೆಗೆ ಯಾವ ಇಸ್ರೇಲಿ ನಾಯಕನೂ ಹೋಗದಷ್ಟು ಮುಂದೆ ಹೋದರು. ಇದನ್ನು ಒಪ್ಪಲೇಬೇಕು. ಆದರೆ ಇಸ್ರೇಲಿನ ಪ್ರಸ್ತಾಪ ಬರಹದಲ್ಲಿ ಇರಲಿಲ್ಲ. ಅಮೆರಿಕದವರ ಬಾಯಿಂದ, ತುಂಡು ತುಂಡಾಗಿ ಬಂತು. ಹಳೆ ಜೆರುಸಲೇಮಿನ ಒಂದು ದಿಬ್ಬ ಎಲ್ಲವನ್ನೂ ನಿಲ್ಲಿಸಿತು. ಮುಸ್ಲಿಮರಿಗೆ ಅದು ಅಲ್-ಅಕ್ಸಾ ಮಸೀದಿ ಇರುವ ಪವಿತ್ರ ಆವರಣ, ಯಹೂದಿಯರಿಗೆ ಅವರ ಪುರಾತನ ದೇಗುಲದ ಬೆಟ್ಟ. ಅರಾಫತ್ ಬೇಡ ಅಂದರು, ತಮ್ಮ ಕಡೆಯಿಂದ ಪೂರ್ತಿ ಪ್ರತಿ-ಪ್ರಸ್ತಾಪ ಇಡಲಿಲ್ಲ. ಅದು ಅವರ ದೊಡ್ಡ ತಪ್ಪು. ಸಭೆ ಮುರಿದರೂ ನಿಮ್ಮ ಮೇಲೆ ಗೂಬೆ ಕೂರಿಸುವುದಿಲ್ಲ ಅಂತ ಮಾತು ಕೊಟ್ಟಿದ್ದ ಅಮೆರಿಕದ ಅಧ್ಯಕ್ಷ ಕ್ಲಿಂಟನ್, ಆಮೇಲೆ ಅದನ್ನೇ ಮಾಡಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರ್ 28ರಂದು ಇಸ್ರೇಲಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ಆ ದಿಬ್ಬಕ್ಕೆ ಹೋದರು, ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಹೊತ್ತಿಕೊಂಡಿತು. ರಕ್ತ ಹರಿಯುತ್ತಿರುವಾಗಲೇ, ಡಿಸೆಂಬರಿನಲ್ಲಿ ಕ್ಲಿಂಟನ್ ಇನ್ನೊಂದು ಸೂತ್ರ ಕೊಟ್ಟರು. ಪಶ್ಚಿಮ ದಂಡೆಯ ಶೇ 94ರಿಂದ 96 ಪ್ಯಾಲೆಸ್ಟೀನಿಗೆ. 2001ರ ಜನವರಿಯಲ್ಲಿ ಈಜಿಪ್ಟಿನ ತಾಬಾ ಊರಿನಲ್ಲಿ ಕೂತ ಎರಡೂ ಕಡೆಯವರು ‘ಇಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ’ ಅಂತ ಜಂಟಿ ಹೇಳಿಕೆ ಕೊಟ್ಟರು. ಅಷ್ಟರಲ್ಲಿ ಕ್ಲಿಂಟನ್ ಅವಧಿ ಮುಗಿದು ಮನೆಗೆ ಹೋಗಿದ್ದರು, ಮುಂದಿನ ತಿಂಗಳು ಬರಾಕ್ ಚುನಾವಣೆ ಸೋತರು.

ಅಬ್ಬಾಸ್ ಕರವಸ್ತ್ರದ ಮೇಲೆ ನಕ್ಷೆ ಬರೆದುಕೊಂಡರಂತೆ, ಇದೇನು ಕಥೆ?

ಕಾಗದದ ನ್ಯಾಪ್‌ಕಿನ್ ಅಂತ ಹೇಳುತ್ತಾರೆ. 2008ರ ಸೆಪ್ಟೆಂಬರ್ 16. ಇಸ್ರೇಲಿನ ಪ್ರಧಾನಿ ಓಲ್ಮರ್ಟ್ ಮತ್ತು ಪ್ಯಾಲೆಸ್ಟೀನ್ ಪ್ರಾಧಿಕಾರದ ಅಧ್ಯಕ್ಷ ಮಹಮೂದ್ ಅಬ್ಬಾಸ್ ಅದುವರೆಗೆ ಮೂವತ್ತಕ್ಕೂ ಹೆಚ್ಚು ಸಲ ಭೇಟಿಯಾಗಿದ್ದರು. ಓಲ್ಮರ್ಟ್ ಒಂದು ದೊಡ್ಡ ನಕ್ಷೆ ಬಿಚ್ಚಿದರು. ಪಶ್ಚಿಮ ದಂಡೆಯ ಸುಮಾರು ಶೇ 94 ಪ್ಯಾಲೆಸ್ಟೀನಿಗೆ, ಉಳಿದದ್ದಕ್ಕೆ ಇಸ್ರೇಲಿನ ಒಳಗಿನಿಂದ ಬದಲಿ ಜಮೀನು, ಹಳೆ ಜೆರುಸಲೇಮಿನ ಪವಿತ್ರ ಸ್ಥಳಗಳಿಗೆ ಹಲವು ದೇಶಗಳ ಉಸ್ತುವಾರಿ. ಇವತ್ತೇ ಸಹಿ ಹಾಕಿ ಅಂದರು. ಸಹಿ ಹಾಕದೆ ನಕ್ಷೆಯ ಪ್ರತಿ ಕೊಡಲಿಲ್ಲ. ಅಬ್ಬಾಸ್ ನೆನಪಿನಿಂದ ಗೆರೆ ಎಳೆದುಕೊಂಡು, ನಮ್ಮ ತಜ್ಞರಿಗೆ ತೋರಿಸಬೇಕು ಅಂತ ಹೋದರು. ಮತ್ತೆ ಇಬ್ಬರೂ ಆ ನಕ್ಷೆಯ ಮುಂದೆ ಕೂರಲಿಲ್ಲ. ಓಲ್ಮರ್ಟ್ ಭ್ರಷ್ಟಾಚಾರದ ಆರೋಪದಲ್ಲಿ ರಾಜೀನಾಮೆ ಕೊಡುತ್ತಿದ್ದರು, ಡಿಸೆಂಬರಿನಲ್ಲಿ ಗಾಜಾ ಯುದ್ಧ ಶುರುವಾಯಿತು. ನಕ್ಷೆಯನ್ನೇ ಕೈಗೆ ಕೊಡದೆ ಜಮೀನಿನ ಕಾಗದಕ್ಕೆ ಸಹಿ ಹಾಕು ಅಂದರೆ ಯಾರು ಹಾಕುತ್ತಾರೆ? ಹಾಗೆಯೇ, ಅಂಥ ಅವಕಾಶ ಇನ್ನೊಮ್ಮೆ ಬರುವುದು ಕಷ್ಟ ಅಂತ ಗೊತ್ತಿದ್ದೂ ಅಬ್ಬಾಸ್ ವಾಪಸ್ ಹೋಗಿ ಕದ ತಟ್ಟಬೇಕಿತ್ತು.

ಗಾಜಾ ಬಿಟ್ಟುಕೊಟ್ಟರಲ್ಲ, ಆಗಲಾದರೂ ಶಾಂತಿ ಬರಬೇಕಿತ್ತಲ್ವಾ?

2005ರಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಶರೋನ್ ಗಾಜಾದ 21 ವಸಾಹತುಗಳನ್ನೂ ಅಲ್ಲಿದ್ದ ಸುಮಾರು 8,000 ಜನರನ್ನೂ ತೆಗೆದರು. ಆದರೆ ಅದು ಒಪ್ಪಂದ ಅಲ್ಲ, ಒಂದೇ ಕಡೆಯ ತೀರ್ಮಾನ. ಕೀಲಿ ಯಾರ ಕೈಗೆ ಅಂತ ಮಾತಾಡದೆ ಮನೆ ಖಾಲಿ ಮಾಡಿದ ಹಾಗೆ. ಆಕಾಶ, ಸಮುದ್ರ, ಹೆಚ್ಚಿನ ಗಡಿ ಇಸ್ರೇಲಿನ ಹಿಡಿತದಲ್ಲೇ ಉಳಿಯಿತು. ಮಾತುಕತೆಯಿಂದ ಏನೂ ಸಿಗದ ಅಬ್ಬಾಸ್ ಜನರ ಕಣ್ಣಲ್ಲಿ ಸೋತವರಾದರು. ‘ಬಂದೂಕಿನಿಂದ ಬಿಡಿಸಿದೆವು’ ಅಂತ ಹಮಾಸ್ ಹೇಳಿಕೊಂಡಿತು. 2006ರ ಚುನಾವಣೆಯಲ್ಲಿ 132ರಲ್ಲಿ 74 ಸ್ಥಾನ ಗೆದ್ದಿತು. 2007ರಲ್ಲಿ ಅಬ್ಬಾಸ್ ಅವರ ಫತಾ ಪಕ್ಷದ ಪಡೆಗಳನ್ನು ಹೊಡೆದೋಡಿಸಿ ಗಾಜಾವನ್ನು ಹಿಡಿಯಿತು. ಗಾಜಾದಿಂದ ರಾಕೆಟ್, ಇಸ್ರೇಲಿನಿಂದ ದಿಗ್ಬಂಧನ. ಅಂದಿನಿಂದ ಪ್ಯಾಲೆಸ್ಟೀನಿಯರ ಪರವಾಗಿ ಸಹಿ ಹಾಕುವ ಒಂದೇ ಕೈ ಇಲ್ಲ.

## ಕಷ್ಟದ ಪ್ರಶ್ನೆಗಳು

ನಿರಾಶ್ರಿತರು ವಾಪಸ್ ಬರುವ ವಿಷಯ ಅಷ್ಟು ಕಠಿಣ ಯಾಕೆ?

ಲೆಬನಾನಿನ, ಜೋರ್ಡಾನಿನ ಶಿಬಿರಗಳಲ್ಲಿ ಅಜ್ಜಿಯರು 1948ರಲ್ಲಿ ಬೀಗ ಹಾಕಿ ಬಂದ ಮನೆಯ ಕೀಲಿಯನ್ನು ಜೋಪಾನ ಮಾಡಿ ಮೊಮ್ಮಕ್ಕಳಿಗೆ ಕೊಟ್ಟಿದ್ದಾರೆ. ಬಹಳ ಕಡೆ ಆ ಮನೆಯೇ ಇಲ್ಲ, ಊರೇ ಇಲ್ಲ. ವಿಶ್ವಸಂಸ್ಥೆಯ 194ನೇ ನಿರ್ಣಯ, ಶಾಂತಿಯಿಂದ ಬದುಕಲು ಒಪ್ಪುವವರನ್ನು ಮರಳಲು ಬಿಡಬೇಕು ಅನ್ನುತ್ತದೆ. ಇಂದು ನೋಂದಾಯಿತ ನಿರಾಶ್ರಿತರು, ಮಕ್ಕಳು ಮೊಮ್ಮಕ್ಕಳು ಸೇರಿ, ಐವತ್ತು ಲಕ್ಷಕ್ಕೂ ಜಾಸ್ತಿ. ಅವರೆಲ್ಲ ಬಂದರೆ ಯಹೂದಿ ಬಹುಮತದ ದೇಶ ಉಳಿಯುವುದಿಲ್ಲ ಅನ್ನುವುದು ಇಸ್ರೇಲಿಗರ ಭಯ. ತೆರೆಮರೆಯಲ್ಲಿ ಪ್ಯಾಲೆಸ್ಟೀನ್ ನಾಯಕರು ಸಂಖ್ಯೆಯ ಬಗ್ಗೆ ಮಾತಾಡಲು ಸಿದ್ಧರಿದ್ದರು. ಅದನ್ನು ಶಿಬಿರಕ್ಕೆ ಹೋಗಿ ಎದುರಾ ಎದುರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. 1948ರಲ್ಲಿ ಆದದ್ದು ಅನ್ಯಾಯ ಅಂತ ಒಂದು ಮಾತು ಹೇಳುವ ಧೈರ್ಯ ಇಸ್ರೇಲಿನ ನಾಯಕರಿಗೂ ಬರಲಿಲ್ಲ.

ಅಮೆರಿಕವೇ ಪಂಚಾಯ್ತಿಗೆ ಕೂತರೆ ನ್ಯಾಯ ಸಿಗುತ್ತದಾ?

2016ರ ಒಪ್ಪಂದದಂತೆ ಅಮೆರಿಕ ಇಸ್ರೇಲಿಗೆ ಹತ್ತು ವರ್ಷಕ್ಕೆ 3,800 ಕೋಟಿ ಡಾಲರ್ ಸೇನಾ ನೆರವು ಕೊಡುತ್ತದೆ. ಅಂಥವರು ನಡುವೆ ಕೂತರೆ ಪ್ಯಾಲೆಸ್ಟೀನಿಯರಿಗೆ ಅನುಮಾನ ಬರುವುದು ಸಹಜ. ಆದರೆ ಇಸ್ರೇಲ್ ಮಾತು ಕೇಳುವುದಾದರೆ ಅಮೆರಿಕದ ಮಾತನ್ನೇ. ಅದಕ್ಕೇ ಎಲ್ಲರೂ ಮತ್ತೆ ವಾಷಿಂಗ್ಟನ್ ಕಡೆ ತಿರುಗುತ್ತಾರೆ. 2013–14ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಜಾನ್ ಕೆರ್ರಿ ಒಂಬತ್ತು ತಿಂಗಳು ಓಡಾಡಿದರು, ಏನೂ ಆಗಲಿಲ್ಲ. 2020ರ ಅಬ್ರಹಾಂ ಒಪ್ಪಂದದಲ್ಲಿ ಯುಎಇ, ಬಹರೇನ್ ಇಸ್ರೇಲಿನ ಜೊತೆ ಸಂಬಂಧ ಬೆಳೆಸಿದವು. ಆಕ್ರಮಿತ ಪ್ರದೇಶ ಬಿಟ್ಟರೆ ಇಡೀ ಅರಬ್ ಜಗತ್ತು ಮಾನ್ಯ ಮಾಡುತ್ತದೆ ಅಂತ 2002ರಲ್ಲಿ ಬೈರೂತಿನಲ್ಲಿ ಅರಬ್ ದೇಶಗಳು ಹೇಳಿದ್ದವು. ಹದಿನೆಂಟು ವರ್ಷದ ನಂತರ ಆ ಷರತ್ತೇ ಪಕ್ಕಕ್ಕೆ ಸರಿಯಿತು.

2023ರ ಅಕ್ಟೋಬರ್ 7ರ ಮೇಲೆ ಮಾತುಕತೆಗೆ ಏನು ಉಳಿದಿದೆ?

ಅವತ್ತು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಒತ್ತೆಯಾಳಾಗಿ ಎಳೆದೊಯ್ದರು. ಸತ್ತವರಲ್ಲಿ ಗಾಜಾ ಗಡಿಯ ಹಳ್ಳಿಗಳಲ್ಲಿದ್ದ ಶಾಂತಿ ಕಾರ್ಯಕರ್ತರೂ ಇದ್ದರು. ನಂತರದ ಇಸ್ರೇಲಿ ದಾಳಿಯಲ್ಲಿ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, 60,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅವರಲ್ಲಿ ಮಕ್ಕಳು ಸಾವಿರಾರು. 2025ರ ಜನವರಿಯ ಕದನ ವಿರಾಮ ಮಾರ್ಚಿನಲ್ಲಿ ಮುರಿಯಿತು. ಅಕ್ಟೋಬರ್ 10ರಿಂದ ಇನ್ನೊಂದು ಬಂತು, ಜೀವಂತ ಇದ್ದ ಕೊನೆಯ 20 ಒತ್ತೆಯಾಳುಗಳು ಮನೆ ಸೇರಿದರು. ನವೆಂಬರ್ 17ರಂದು ಭದ್ರತಾ ಮಂಡಳಿ 2803ನೇ ನಿರ್ಣಯ ಮಾಡಿತು. ಪ್ಯಾಲೆಸ್ಟೀನ್ ದೇಶದ ಬಗ್ಗೆ ಅದು ಹೇಳುವುದು ಇಷ್ಟೇ: ಪ್ಯಾಲೆಸ್ಟೀನ್ ಪ್ರಾಧಿಕಾರದ ಸುಧಾರಣೆಗಳೆಲ್ಲ ಆದ ಮೇಲೆ ಅದಕ್ಕೆ ದಾರಿ ಸಿದ್ಧವಾಗಬಹುದು. ಮತ್ತೆ ‘ಆಮೇಲೆ’. ಮತ್ತೆ ‘ಬಹುದು’.

ಎರಡು ದೇಶದ ಪರಿಹಾರ ಸತ್ತೇ ಹೋಯ್ತಾ?

ನಾನು ಹಾಗೆ ಹೇಳಲಾರೆ. ಜೋರ್ಡಾನ್ ನದಿಯಿಂದ ಸಮುದ್ರದವರೆಗೆ ಸುಮಾರು 70 ಲಕ್ಷ ಯಹೂದಿಯರು, ಹೆಚ್ಚುಕಡಿಮೆ ಅಷ್ಟೇ ಅರಬರು ಇದ್ದಾರೆ. ಯಾರೂ ಎಲ್ಲಿಗೂ ಹೋಗುವುದಿಲ್ಲ. ಒಂದೇ ದೇಶ, ಎಲ್ಲರಿಗೂ ಸಮ ಓಟು ಅನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಇಷ್ಟು ರಕ್ತದ ನಂತರ ಒಂದೇ ಪೊಲೀಸ್ ಠಾಣೆಯನ್ನು ಇಬ್ಬರೂ ನಂಬುವುದು ಹೇಗೆ ಅಂತ ಅವರು ಹೇಳಿಲ್ಲ. ಇತ್ತ ಎರಡು ದೇಶದ ಕರಡು ಆಗಲೇ ಇದೆ. 2003ರಲ್ಲಿ ಯೋಸ್ಸಿ ಬೈಲಿನ್, ಯಾಸೆರ್ ಅಬೆದ್ ರಬ್ಬೊ ಎಂಬ ಹಳೆಯ ಸಂಧಾನಕಾರರು, ಅಧಿಕಾರ ಇಲ್ಲದಿದ್ದರೂ, ಜಿನೀವಾದಲ್ಲಿ ಗಡಿ, ಜೆರುಸಲೇಮ್, ನಿರಾಶ್ರಿತರು ಎಲ್ಲಕ್ಕೂ ಸಾಲು ಸಾಲಾಗಿ ಬರೆದಿಟ್ಟಿದ್ದಾರೆ. ಏನು ಬರೆಯಬೇಕು ಅನ್ನುವುದು ಗೊತ್ತಿದೆ. ಬರೆದ ಮೇಲೆ ತಮ್ಮವರ ಸಿಟ್ಟನ್ನು ತಡೆದುಕೊಂಡು ನಿಲ್ಲುವ ನಾಯಕರು ಒಂದೇ ಕಾಲಕ್ಕೆ ಎರಡೂ ಕಡೆ ಸಿಕ್ಕಿಲ್ಲ.

ಮುಂದೆ ಹೊಸ ಒಪ್ಪಂದ ಅಂತ ಸುದ್ದಿ ಬಂದರೆ ಏನು ನೋಡಬೇಕು?

ಕೈ ಕುಲುಕುವ ಫೋಟೋ ಬಿಡಿ. ನಕ್ಷೆ ಇದೆಯಾ ನೋಡಿ. ವಸಾಹತು ಕಟ್ಟುವುದು ಅವತ್ತಿನಿಂದಲೇ ನಿಲ್ಲುತ್ತದಾ, ಬಂದೂಕು ಯಾರು ಯಾವತ್ತು ಕೆಳಗಿಡುತ್ತಾರೆ, ಪ್ಯಾಲೆಸ್ಟೀನಿಯರೇ ಮೇಜಿನಲ್ಲಿ ಕೂತಿದ್ದಾರಾ ನೋಡಿ. ಆಮೇಲೆ ಇನ್ನೊಂದು. ಸಹಿ ಆದ ಮರುವಾರ ಒಂದು ಬಾಂಬ್ ಸಿಡಿಯುತ್ತದೆ, ಇಲ್ಲವೇ ಒಬ್ಬ ವಸಾಹತುಗಾರ ಒಂದು ಹಳ್ಳಿಗೆ ಬೆಂಕಿ ಇಡುತ್ತಾನೆ. ಅವತ್ತು ಸಂಜೆ ಎರಡೂ ಕಡೆಯವರು ಮರುದಿನದ ಸಭೆಗೆ ಬರುತ್ತೇವೆ ಅನ್ನುತ್ತಾರಾ, ಅದನ್ನು ನೋಡಿ.